ಕ್ಯೂಆರ್ ಹಾಕಿದ್ದು ನಮ್ಮ ಮನೆ ಮಗಳು

ಭಾವ: (ಫಾರ್ವರ್ಡ್) ಎಚ್ಚರ!! ಕಾಲೇಜು ಮಕ್ಕಳು ಕಿರುಚಿತ್ರ ಮಾಡುತ್ತೇವೆ ಎಂದು ಕ್ಯೂಆರ್ ಕಳಿಸುತ್ತಾರೆ. ಸ್ಕ್ಯಾನ್ ಮಾಡಿದ ಕೂಡಲೇ ಖಾತೆ ಖಾಲಿ. ನಿಮ್ಮವರಿಗೆಲ್ಲ ಕಳಿಸಿ.

ಭಾವ: ನಿನ್ನೆ ನಮ್ಮ ಗುಂಪಿಗೂ ಇಂಥದ್ದೇ ಒಂದು ಬಂದಿತ್ತು ಅಲ್ವಾ, ಅದಕ್ಕೇ ಹಾಕಿದೆ. ಯಾರೂ ಮುಟ್ಟಬೇಡಿ.

ನಾನು: ಭಾವ, ನಿನ್ನೆ ಬಂದದ್ದು ನಮ್ಮ ತಂಗಿಯದೇ, ಚಿಕ್ಕಮ್ಮನ ಮಗಳು. ಅವಳ ಕಿರುಚಿತ್ರಕ್ಕೆ ಚಂದಾ ಕೇಳಿದ ಪೋಸ್ಟರ್ ಅದು. ಪೋಸ್ಟರ್ ಕೆಳಗೆ ಅವಳ ಹೆಸರು, ಕಾಲೇಜು, ಫೋನ್ ನಂಬರ್ ಎಲ್ಲ ಇದೆ. ಓದಿದಿರಾ?

ಭಾವ: ಪೂರ್ತಿ ಓದಿಲ್ಲ. ಕ್ಯೂಆರ್ ಕಂಡಿತು.

ಚಿಕ್ಕಪ್ಪ ಮೈಸೂರು: ಈ ಫಾರ್ವರ್ಡ್ ಎಲ್ಲಿಂದ ಬಂತು? ಯಾವ ಪೇಪರಿನಲ್ಲಿ ಬಂದಿದೆ? ಯಾವ ಠಾಣೆಯಲ್ಲಿ ಕೇಸಾಗಿದೆ? ಏನೂ ಇಲ್ಲ. ಯುಪಿಐ ಕ್ಯೂಆರ್ ಸ್ಕ್ಯಾನ್ ಮಾಡಿದರೆ ದುಡ್ಡು ಯಾರ ಹೆಸರಿಗೆ ಹೋಗುತ್ತದೆ ಎಂದು ಮೊದಲು ತೋರಿಸುತ್ತದೆ. ನೀವು ಮೊತ್ತ ಹಾಕಿ ಒಪ್ಪಿಗೆ ಕೊಟ್ಟರೇ ಹೋಗುವುದು. "ನಿಮಗೆ ದುಡ್ಡು ಬರಬೇಕು, ಪಿನ್ ಒತ್ತಿ" ಎನ್ನುತ್ತಾರಲ್ಲ, ಅದು ಮೋಸ. ಮೋಸ ಆದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಇಷ್ಟು ವರ್ಷ ಬ್ಯಾಂಕಿನಲ್ಲಿ ಕೂತವನು ಹೇಳುತ್ತಿದ್ದೇನೆ.

ಚಿಕ್ಕಪ್ಪ ಮೈಸೂರು: ಹಾಗಂತ ಮಗು ಕೇಳಿದ ಕೂಡಲೇ ಕೊಡಿ ಎಂದೂ ಹೇಳುತ್ತಿಲ್ಲ. 1,80,000 ಯಾತಕ್ಕೆ? ಲೆಕ್ಕ ಎಲ್ಲಿ?

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ದುಡ್ಡಿನ ಮಾತು ಆಮೇಲೆ. ನಮ್ಮ ಮನೆತನದ ಹೆಣ್ಣುಮಗಳು ಕಂಡಕಂಡವರ ಮುಂದೆ ಕೈಯೊಡ್ಡುವುದು ಸರಿಯಾ? ಅದೂ ಹೆಣ್ಣುಮಕ್ಕಳು ದೊಡ್ಡವರಾಗುವ ವಿಷಯ. ಇದನ್ನೆಲ್ಲ ಪರದೆ ಮೇಲೆ ತೋರಿಸಿದರೆ ನಾಲ್ಕು ಜನ ಏನಂತಾರೆ? ಮನೆಯ ಮಾತು ಮನೆಯಲ್ಲಿ ಇರಬೇಕು.

ಅತ್ತೆ ಮದ್ದೂರು: ಅಣ್ಣ, ಕೈಯೊಡ್ಡುವ ಮಾತು ನೀವು ಆಡಬೇಡಿ. ನಾವು ಮುಯ್ಯಿ ಹಾಕುವುದು ಮತ್ತೇನು? ನಿಮ್ಮ ಮಗಳು ಮೈನೆರೆದಾಗಿನ ಒಸಗೆಗೆ ನಾನು 2,000 ಬರೆಸಿದೆ. ನನ್ನ ಮಗನ ಮದುವೆಗೆ ನೀವು ಬರೆಸಿದ್ದು 501. ಮುಯ್ಯಿ ಪುಸ್ತಕ ಬೀರುವಿನಲ್ಲಿದೆ, ಫೋಟೊ ಕಳಿಸಲಾ?

ದೊಡ್ಡಪ್ಪ: ಆ ವರ್ಷ ಕಬ್ಬಿನ ಬಾಕಿ ಬಂದಿರಲಿಲ್ಲ.

ಅತ್ತೆ ಮದ್ದೂರು: ಯಾವ ವರ್ಷ ಬಂದಿದೆ?

ಅಣ್ಣ ದುಬೈ: ಅಯ್ಯೋ ಒಸಗೆ ಅಂದ ಕೂಡಲೇ ಅಜ್ಜಿ ಕುಟ್ಟುತ್ತಿದ್ದ ಚಿಗಳಿ ನೆನಪಾಯ್ತು. ಎಳ್ಳು, ಬೆಲ್ಲ, ಒರಳಿನಲ್ಲಿ ಕುಟ್ಟಿ ಕುಟ್ಟಿ ಎಣ್ಣೆ ಬಿಡುವವರೆಗೂ. ಶಾಸ್ತ್ರ ಅಕ್ಕಂದಿರಿಗೆ, ಉಂಡೆ ಕದ್ದು ತಿನ್ನುವುದು ನಮಗೆ. ಸಿನಿಮಾ ಅಂದ್ರೆ ಟೆಂಟು. ಮರಳು ಗುಡ್ಡೆ ಮಾಡಿಕೊಂಡು ಮೇಲೆ ಕೂರುತ್ತಿದ್ದೆವು, ಹಿಂದಿನವರು ತಲೆಗೆ ಕುಟ್ಟುತ್ತಿದ್ದರು. ಮೈಕಿನಲ್ಲಿ ದೇವರ ಹಾಡು ಬಂದರೆ ಊಟ ಬಿಟ್ಟು ಓಡುವುದು. ಆ ಟೆಂಟಿನ ಜಾಗದಲ್ಲಿ ಈಗ ಏನಿದೆ?

ಭಾವ: ಕಲ್ಯಾಣ ಮಂಟಪ.

ಚಿಕ್ಕಮ್ಮ: ನನ್ನ ಮಗಳು ರಾತ್ರಿಯಿಂದ ಊಟ ಮಾಡಿಲ್ಲ. ಸ್ವಂತ ಮನೆಯವರೇ ಮೋಸ ಎಂದು ಫಾರ್ವರ್ಡ್ ಹಾಕಿದರೆ ಹೊರಗಿನವರು ಏನು ಕೊಟ್ಟಾರು? ಟ್ರ್ಯಾಕ್ಟರ್ ಕಂತಿಗೆ ನಾವು ಕೊಟ್ಟಾಗ ಯಾರೂ ಲೆಕ್ಕ ಕೇಳಲಿಲ್ಲ. ಇಷ್ಟೇ ಆದರೆ ನಾವು ಗುಂಪಿನಿಂದ ಹೊರಗೆ ಹೋಗುತ್ತೇವೆ.

ದೊಡ್ಡಪ್ಪ: ಟ್ರ್ಯಾಕ್ಟರ್ ವಿಷಯ ಇಲ್ಲಿ ಯಾಕಮ್ಮ?

ತಂಗಿ: ಅಮ್ಮ ಸುಮ್ನಿರು. ಮೈಸೂರು ದೊಡ್ಡಪ್ಪ, ಲೆಕ್ಕ ಇಲ್ಲಿದೆ. 3 ದಿನ ಶೂಟಿಂಗ್. ಕ್ಯಾಮೆರಾ, ಲೆನ್ಸ್ ಬಾಡಿಗೆ 45,000. ಲೈಟು, ಜನರೇಟರ್ 28,000. ಸೌಂಡ್ 40,000. ಊಟ 22,000. ವ್ಯಾನು 15,000. ಎಡಿಟಿಂಗ್ 20,000. ಹಾರ್ಡ್ ಡಿಸ್ಕ್ 10,000. ನಮ್ಮ ಹತ್ತಿರ 70,000 ಇದೆ, ಬೇಕಾಗಿರುವುದು 1,10,000. ನಟಿಸುವವರು ಯಾರೂ ದುಡ್ಡು ತೆಗೆದುಕೊಳ್ಳುತ್ತಿಲ್ಲ.

ಚಿಕ್ಕಪ್ಪ ಮೈಸೂರು: ಸೌಂಡಿಗೆ 40,000? ಫೋನಿನಲ್ಲಿ ರೆಕಾರ್ಡ್ ಆಗಲ್ವಾ?

ತಂಗಿ: ಆಗುತ್ತೆ ಮೈಸೂರು ದೊಡ್ಡಪ್ಪ, ಆದರೆ ಪಂಪ್‌ಸೆಟ್ಟು, ಬೈಕು, ಕೋಳಿ ಎಲ್ಲ ಮಾತಿಗಿಂತ ಜೋರಾಗಿ ಕೇಳುತ್ತೆ. ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ.

ಚಿಕ್ಕಪ್ಪ ಮೈಸೂರು: ಪವನ್ ಕುಮಾರ್ ತಮ್ಮ ಲೂಸಿಯಾ ಸಿನಿಮಾಗೆ ಜನರಿಂದಲೇ 51 ಲಕ್ಷ ಎತ್ತಿದ್ದು ನೆನಪಿದೆ, ಸುಮಾರು 110 ಜನ. ಆದರೆ ಅದು ಹೂಡಿಕೆ. ನಿನ್ನದರಲ್ಲಿ ವಾಪಸ್ ಏನು ಬರುತ್ತೆ?

ತಂಗಿ: ಏನೂ ಬರುವುದಿಲ್ಲ. ಕಿರುಚಿತ್ರಕ್ಕೆ ಟಿಕೆಟ್ ಇಲ್ಲ. ಅದನ್ನು ಪೋಸ್ಟರಿನಲ್ಲೇ ಬರೆದಿದ್ದೇನೆ.

ನಾನು: ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿಗಳ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದದ್ದು ಕನ್ನಡದ ಕಿರುಚಿತ್ರ. ಮಾಡಿದವರು ಮೈಸೂರಿನ ಚಿದಾನಂದ ನಾಯಕ್, ಡಾಕ್ಟರ್ ಓದಿ ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಸೇರಿದವರು. ಅಜ್ಜಿ ಹುಂಜ ಕದಿಯುವ ನಮ್ಮ ಜನಪದ ಕಥೆ, 4 ದಿನದಲ್ಲಿ ಚಿತ್ರೀಕರಣ. ಅಂಥ ಸರ್ಕಾರಿ ಸಂಸ್ಥೆಯಲ್ಲಿ ಮಕ್ಕಳಿಗೆ ಕ್ಯಾಮೆರಾ, ಸ್ಟುಡಿಯೋ ಎಲ್ಲ ಸಿಗುತ್ತದೆ. ನಮ್ಮ ತಂಗಿಯ ಕಾಲೇಜಿನಲ್ಲಿ ಸಿಗುವುದು ಮಾರ್ಕ್ಸು ಮಾತ್ರ. ಉಳಿದದ್ದು ಅಪ್ಪ ಅಮ್ಮ ಕೊಡಬೇಕು, ಇಲ್ಲ ಕೇಳಿ ಎತ್ತಬೇಕು. ಅದೇ ವರ್ಷ ಕಾನ್‌ನಲ್ಲಿ ಶ್ಯಾಮ್ ಬೆನಗಲ್ ಅವರ ಮಂಥನ್ ಮತ್ತೆ ತೋರಿಸಿದರು. 1976ರ ಚಿತ್ರ. ಗುಜರಾತಿನ 5 ಲಕ್ಷ ಹಾಲು ಹಾಕುವ ರೈತರು ತಲೆಗೆ 2 ರೂಪಾಯಿ ಕೊಟ್ಟು ಮಾಡಿಸಿದ್ದು. ದೊಡ್ಡಪ್ಪ, ನೀವೂ ದಿನಾ ಡೇರಿಗೆ ಹಾಲು ಹಾಕುವವರು, ಆ ರೈತರು ಕೊಟ್ಟದ್ದನ್ನು ಕೈಯೊಡ್ಡಿ ಪಡೆದದ್ದು ಅಂತೀರಾ? ಇನ್ನು ಮುಟ್ಟಿನ ವಿಷಯ. ಅಮೆರಿಕದ ಹೈಸ್ಕೂಲು ಮಕ್ಕಳು ಕೇಕ್ ಮಾರಿ, ಆನ್‌ಲೈನಿನಲ್ಲಿ ಚಂದಾ ಎತ್ತಿ, ಉತ್ತರ ಪ್ರದೇಶದ ಹಾಪುರದ ಹತ್ತಿರದ ಒಂದು ಹಳ್ಳಿಯ ಪ್ಯಾಡ್ ಯಂತ್ರದ ಬಗ್ಗೆ ಮಾಡಿಸಿದ ಸಾಕ್ಷ್ಯಚಿತ್ರಕ್ಕೆ 2019ರಲ್ಲಿ ಆಸ್ಕರ್ ಬಂತು. ಆ ಹಳ್ಳಿಯ ಹೆಂಗಸರು ಕ್ಯಾಮೆರಾ ಮುಂದೆ ಮಾತಾಡಿದ್ದಾರೆ. ನಮ್ಮಲ್ಲಿ ಒಬ್ಬಳು ಮಾತಾಡಿದರೆ ತಪ್ಪೇನು?

ದೊಡ್ಡಪ್ಪ: ಅಲ್ಲಿಯದು ಅಲ್ಲಿಗೆ. ಕಥೆಯಾದರೂ ಏನು? ಅದನ್ನು ಯಾರೂ ಹೇಳುತ್ತಿಲ್ಲ.

ತಂಗಿ: ಪೋಸ್ಟರಿನಲ್ಲಿದೆ ದೊಡ್ಡಪ್ಪ. ಏಳನೇ ಕ್ಲಾಸಿನ ಹುಡುಗಿ ಮೈನೆರೆದದ್ದನ್ನು ಮನೆಯಲ್ಲಿ ಹೇಳದೆ ಮುಚ್ಚಿಡುತ್ತಾಳೆ. ಹೇಳಿದರೆ ಸೊಪ್ಪಿನ ಗುಡ್ಲು ಹಾಕಿ ಬೇರೆ ಕೂರಿಸುತ್ತಾರೆ, ಒಸಗೆ ಮಾಡುತ್ತಾರೆ, ಸರ್ಕಲ್ಲಿನಲ್ಲಿ ಅವಳ ಫೋಟೊದ ಫ್ಲೆಕ್ಸ್ ಕಟ್ಟುತ್ತಾರೆ ಎನ್ನುವ ಭಯಕ್ಕೆ.

ದೊಡ್ಡಪ್ಪ: ಇದು ನಮ್ಮ ಮನೆಯದೇ ಕಥೆ. ನಾನು ಆಗಲೇ ಅಂದುಕೊಂಡೆ.

ಅತ್ತೆ ಮದ್ದೂರು: ಫ್ಲೆಕ್ಸ್ ಕಟ್ಟಿಸಿದ್ದು ನೀವೇ ಅಲ್ವಾ ಅಣ್ಣ. ಸೋದರಮಾವ ಗುಡ್ಲಿಗೆ ಸೊಪ್ಪು ತರಲಿಲ್ಲ ಎಂದು ಜಗಳ ಬೇರೆ.

ಅಣ್ಣ ದುಬೈ: ಆ ದಿನದ ಬಾಡೂಟ ಮಾತ್ರ

ಅಕ್ಕ: ಅಣ್ಣ, ಒಂದು ನಿಮಿಷ.

ಅಕ್ಕ: ಅಪ್ಪಾಜಿ, ಕಥೆ ನನ್ನದೇ. ಅವಳು ನನ್ನನ್ನು ಕೇಳಿಯೇ ಬರೆದಿದ್ದಾಳೆ, ನಾನೇ ಹೇಳಿದ್ದು. ಆ ಫ್ಲೆಕ್ಸನ್ನು ಬಸ್‌ಸ್ಟಾಪಿನ ಎದುರಿಗೆ ಕಟ್ಟಿದ್ದರು. ಸ್ಟುಡಿಯೋದವನು ನನ್ನ ಮುಖಕ್ಕೆ ಬಿಳಿ ಬಳಿದು, ಹಿಂದೆ ಯಾವುದೋ ಜಲಪಾತ ಹಾಕಿದ್ದ. ಒಸಗೆ ಮುಗಿದ ಮೇಲೂ ತಿಂಗಳುಗಟ್ಟಲೆ ಯಾರೂ ಬಿಚ್ಚಲಿಲ್ಲ. ನಾನು ಅದರ ಕೆಳಗೇ ನಿಂತು ಸ್ಕೂಲಿಗೆ ಬಸ್ ಹತ್ತುತ್ತಿದ್ದೆ. ಹುಡುಗರು ಫ್ಲೆಕ್ಸ್ ನೋಡಿ ನನ್ನ ನೋಡುತ್ತಿದ್ದರು. ನೀವು ಪ್ರೀತಿಯಿಂದಲೇ ಮಾಡಿಸಿದ್ದು, ಗೊತ್ತು. ನನಗೆ ಬೇಕಾ ಎಂದು ಒಬ್ಬರೂ ಕೇಳಲಿಲ್ಲ. ನಮ್ಮ ಮಗಳಿಗೆ ಈಗ ಒಂಬತ್ತು. ಅವಳ ಹೊತ್ತಿಗೆ ಇದು ಬೇಡ. ನಾನು 10,000 ಹಾಕಿದ್ದೇನೆ.

ಭಾವ: ನನಗೆ ಇದು ಗೊತ್ತೇ ಇರಲಿಲ್ಲ.

ಅಕ್ಕ: ನೀವು ಕೇಳಿಲ್ಲ ರೀ.

ದೊಡ್ಡಪ್ಪ: ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ನಾನು ಇದಕ್ಕೆ ಒಪ್ಪುವುದಿಲ್ಲ. ಕೊನೆಯಲ್ಲಿ ಧನ್ಯವಾದ ಎಂದು ನನ್ನ ಹೆಸರು ಹಾಕಬೇಡಿ. ಮಾಡುವುದಾದರೆ ಮಾಡಿ.

ಚಿಕ್ಕಪ್ಪ ಮೈಸೂರು: ಮಗಳೇ, ನಿನ್ನ ಸ್ವಂತ ಖಾತೆಗೆ ಚಂದಾ ಸೇರಿಸಬೇಡ. ಇದಕ್ಕೆಂದೇ ಒಂದು ಬೇರೆ ಖಾತೆ ತೆಗೆ. ಪ್ರತಿ ಬಾಡಿಗೆಗೂ ಬಿಲ್ ಇರಲಿ, ವಾರಕ್ಕೊಮ್ಮೆ ಖರ್ಚು ಹಾಕು, ಉಳಿದರೆ ಏನು ಮಾಡುತ್ತೀಯಾ ಎಂದು ಈಗಲೇ ಬರೆ. ಅಷ್ಟು ಮಾಡಿದ ಮೇಲೆ ನನ್ನ 5,000.

ತಂಗಿ: ಆಯ್ತು ಮೈಸೂರು ದೊಡ್ಡಪ್ಪ. ಭಾನುವಾರದ ಒಳಗೆ ಹಾಕುತ್ತೇನೆ. ಅತ್ತೆ, ದಸರಾ ರಜೆಯಲ್ಲಿ ನಿಮ್ಮ ಮನೆ 3 ದಿನ ಸಿಗುತ್ತಾ? ಜಗಲಿ, ಹಿತ್ತಲು, ಒರಳು ಮೂರೂ ಕಥೆಯಲ್ಲಿದೆ.

ಅತ್ತೆ ಮದ್ದೂರು: ಬನ್ನಿ. ಗೋಡೆಗೆ ಮೊಳೆ ಹೊಡೆಯಬಾರದು. ಕರೆಂಟು ನಂಬಬೇಡ, ಜನರೇಟರ್ ಇರಲಿ. ಊಟದ 22,000 ಲೆಕ್ಕದಿಂದ ತೆಗೆದುಹಾಕು, ಅಡುಗೆ ನಾನು ಮಾಡುತ್ತೇನೆ. ಅಣ್ಣ, ಆ 501ರ ವಿಷಯ ನಾನು ಬಿಟ್ಟಿಲ್ಲ.