ಸಹಾಯ ಬೇಕು: ದಾರಿ ಕಡಿಮೆಯಾಯಿತು, ಮೈಲೇಜೂ ಕುಸಿಯಿತು

ಎಲ್ಲರಿಗೂ ನಮಸ್ಕಾರ. ಮೊದಲು ನನ್ನ ಕಚೇರಿ 24 ಕಿಲೋಮೀಟರ್ ದೂರವಿತ್ತು, ಬಹುಪಾಲು ಹೆದ್ದಾರಿ. ಪೆಟ್ರೋಲ್ ಕಾರು ಲೀಟರಿಗೆ 18 ಕಿಲೋಮೀಟರ್ ಕೊಡುತ್ತಿತ್ತು. ಈಗ ಬರೀ 4 ಕಿಲೋಮೀಟರ್, ನಡುವೆ ಏಳು ಸಿಗ್ನಲ್. ಮೈಲೇಜ್ 11ಕ್ಕೆ ಇಳಿದಿದೆ! (ಟ್ಯಾಂಕ್ ಭರ್ತಿ ಮಾಡಿಸಿ ಮೂರು ಸಲ ಲೆಕ್ಕ ಹಾಕಿದ್ದೇನೆ, ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಯನ್ನು ನಾನು ನಂಬುವುದಿಲ್ಲ.)

ತಣ್ಣಗಿರುವ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಸಿಗ್ನಲ್‌ನಲ್ಲಿ ನಿಂತಾಗಲೂ ಇಂಧನ ಉರಿಯುತ್ತದೆ ಎಂಬುದು ಗೊತ್ತು. ಆದರೆ ಇಷ್ಟೊಂದು ವ್ಯತ್ಯಾಸವೇ? ಟೈರಿನ ಗಾಳಿ, ಏರ್ ಫಿಲ್ಟರ್ ಸರಿಯಾಗಿವೆ. ಕಚೇರಿ ತಲುಪಿದರೂ ಉಷ್ಣತೆಯ ಮುಳ್ಳು ಮಧ್ಯಕ್ಕೆ ಬಂದಿರುವುದಿಲ್ಲ. ಇದು ದೂರ ಕಡಿಮೆಯಾದ ಕಾರಣಕ್ಕೋ, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ತಂಪು ಮಾಡುವ ದ್ರವ ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ) ಮುಚ್ಚಿಕೊಳ್ಳದೆ ತೆರೆದೇ ಉಳಿದಿದೆಯೋ? ಗ್ಯಾರೇಜಿಗೆ ಹೋಗುವ ಮೊದಲು ಮನೆಯಲ್ಲೇ ಪತ್ತೆ ಮಾಡುವ ಬಗೆಯಿದ್ದರೆ ದಯವಿಟ್ಟು ತಿಳಿಸಿ.