ವಿಜ್ಞಾನ ಮೇಷ್ಟ್ರನ್ನು ಅಳೆಯುವುದು ರಿಸಲ್ಟ್‌ನಿಂದ ಮಾತ್ರಾನಾ?

ಪ್ರಶ್ನೆ (ಮಂಡ್ಯದಿಂದ):
ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮೊನ್ನೆ ಎಚ್‌ಎಂ (ಮುಖ್ಯ ಶಿಕ್ಷಕರು) ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಅರಿಶಿನ ಬಳಿದ ಕಾಗದಕ್ಕೆ ಮಕ್ಕಳ ಕೈಲಿ ಸಾಬೂನು ನೀರು ಹಾಕಿಸುತ್ತಿದ್ದೆ. ಹಳದಿ ಕೆಂಪಾಯಿತು ನೋಡಿ, ಕ್ಲಾಸೇ ಎದ್ದು ನಿಂತಿತು. ಅವರು ಬರೆದ ಷರಾ: ‘ಶಿಸ್ತು ಕಡಿಮೆ, ಸಿಲಬಸ್ ಹಿಂದಿದೆ.’ ಪ್ರಯೋಗ ಮಾಡಿಸಿ ಅನ್ನುವವರೂ ಅವರೇ, ಎಸ್ಸೆಸ್ಸೆಲ್ಸಿ ಸರಾಸರಿ ಕೇಳುವವರೂ ಅವರೇ. ನಿಮ್ಮ ಕಡೆ ಹೇಗೆ?

ಉತ್ತರ (ಮೈಸೂರು, ನಿವೃತ್ತ ಎಚ್‌ಎಂ):
ನಾನು ಹಿಂದೆ ಕೂತಾಗ ಮೇಷ್ಟ್ರನ್ನು ಜಾಸ್ತಿ ನೋಡುತ್ತಿರಲಿಲ್ಲ. ಪಕ್ಕದ ಮಗುವಿನ ನೋಟ್‌ಬುಕ್ ಎಳೆದುಕೊಳ್ಳುತ್ತಿದ್ದೆ. ತಪ್ಪು ತಿದ್ದಿದ್ದಾರಾ? ಚಿತ್ರದ ಭಾಗಗಳನ್ನು ಮಗುವೇ ಗುರುತಿಸಿದೆಯಾ? ನೋಟ್‌ಬುಕ್ ಸುಳ್ಳು ಹೇಳಲ್ಲ. ಪ್ರಯೋಗಕ್ಕೆ ಎಷ್ಟು ನಿಮಿಷ ಅಂತ ಪಾಠ ಯೋಜನೆಯಲ್ಲೇ ಬರೆದು ಮೊದಲೇ ಸಹಿ ಹಾಕಿಸಿಕೊಳ್ಳಿ.

ಉತ್ತರ (ಮದ್ದೂರು):
ಎಸ್ಸೆಸ್ಸೆಲ್ಸಿ ವಿಜ್ಞಾನದ 100ರಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನಕ್ಕೇ ಇದೆ ಅಲ್ವಾ ಸಾರ್? ಆ ದಾಖಲೆ ಮುಂದಿಡಿ. ಸುಮ್ನೆ ಫೋಟೊ ಅಂಟಿಸಬೇಡಿ, ಮಕ್ಕಳೇ ಬರೆದದ್ದು ಇರಲಿ.

ಪ್ರಶ್ನೆ ಕೇಳಿದವರು:
ಸಹಿಯ ಉಪಾಯ ಚೆನ್ನಾಗಿದೆ ಮೇಡಂ, ಸೋಮವಾರವೇ ಹಿಡಿದುಕೊಂಡು ಹೋಗುತ್ತೇನೆ. ಲ್ಯಾಬಿನ ಬೀಗದ ಕೈಯನ್ನೂ ಆಗಲೇ ಕೇಳಬೇಕು, ಅದೂ ನಮ್ಮ ಎಚ್‌ಎಂ ಡ್ರಾಯರ್‌ನಲ್ಲೇ ಇರುತ್ತೆ!