ಸಮಸ್ಯೆ: ‘ಕಡಲ ತೆರೆಯಲಿ ಗೂಡು ಕಟ್ಟಿತು ನೋಡು ಮಿಂಚುಳ್ಳಿ’

ಕೆರೆದಂಡೆ: ಕೊನೆಯ ಸಾಲು ನನ್ನದು, ಅದಕ್ಕೆ ಅರ್ಥ ಕೂಡುವಂತೆ ಮೇಲಿನ ಐದು ಸಾಲು ನಿಮ್ಮದು. ಮಿಂಚುಳ್ಳಿ ದಡದ ಮಣ್ಣು ಕೊರೆದು ಬಿಲದಲ್ಲಿ ಮೊಟ್ಟೆ ಇಡುತ್ತದೆ, ಗೊತ್ತು. ಅದಕ್ಕೇ ಇದು ಸಮಸ್ಯೆ.

ಗುಬ್ಬಚ್ಚಿ: ಗ್ರೀಕರ ಆಲ್ಸಿಯೋನೆಯನ್ನು ಕರೆತಂದಿದ್ದೇನೆ. ಗಾಳಿದೇವ ಈಯೋಲಸನ ಮಗಳು.

ಹಡಗು ಮುಳುಗಿತು ಗಂಡ ಹೋದನು
ಮಡದಿ ಧುಮುಕಲು ಹಕ್ಕಿಯಾದಳು
ತಡೆದನಪ್ಪನು ಗಾಳಿಯೆಲ್ಲವನೇಳು ಮತ್ತೇಳು
ನಡುಚಳಿಯ ದಿನ ನೀರು ಮಲಗಿತು
ಬಿಡುವು ಸಿಕ್ಕಿತು ಮೊಟ್ಟೆಯಿಡಲಿಕೆ
ಕಡಲ ತೆರೆಯಲಿ ಗೂಡು ಕಟ್ಟಿತು ನೋಡು ಮಿಂಚುಳ್ಳಿ

ಮಾತ್ರೆಗಾರ: ‘ಇಡಲಿಕೆ’? ‘ಇಡಲಿಕ್ಕೆ’ ಅಂದರೆ ಒಂದು ಮಾತ್ರೆ ಜಾಸ್ತಿ ಆಗುತ್ತದೆ ಅಂತ ಒತ್ತನ್ನೇ ನುಂಗಿದ್ದೀರಿ. ‘ಮೊಟ್ಟೆಗಳನಿಡೆ’ ಅಂದಿದ್ದರೆ ಮುಗಿದಿತ್ತು.

ಗುಬ್ಬಚ್ಚಿ: ‘ಇಡೆ’ ಅಂದರೆ ‘ಇಡುತ್ತಿರಲು’. ಮೊಟ್ಟೆ ಇಡುತ್ತಾ ಕೂತ ಮೇಲೆ ಬಿಡುವು ಸಿಕ್ಕಿ ಏನು ಬಂತು ಸ್ವಾಮಿ? ‘ಇಡಲಿಕೆ’ ನಮ್ಮಜ್ಜಿಯ ಹಾಡಿನಲ್ಲೂ ಇದೆ.

ಮಾತ್ರೆಗಾರ: ಅಜ್ಜಿ ರಾಗ ಎಳೆದು ಸರಿಮಾಡುತ್ತಾರೆ. ನಿಮಗೆ ಆ ಅನುಕೂಲ ಇಲ್ಲ. ಯುಗಾದಿಯ ಪಂಥದಲ್ಲೂ ನಿಮ್ಮದೊಂದು ಒತ್ತು ನಾಪತ್ತೆಯಾಗಿತ್ತು. ಅದಿರಲಿ, ರೋಮಿನ ಕವಿ ಓವಿಡ್ ಹೇಳಿದ್ದು ಏಳೇ ದಿನ. ‘ಮತ್ತೇಳು’ ಸುಮ್ನೆ ಸಾಲು ತುಂಬಿಸಲಿಕ್ಕಾ?

ಗುಬ್ಬಚ್ಚಿ: ಅರಿಸ್ಟಾಟಲ್‌ನನ್ನೂ ಓದಿ. ವರ್ಷದ ಅತಿ ಚಿಕ್ಕ ಹಗಲಿನ ಹಿಂದೆ ಏಳು, ಮುಂದೆ ಏಳು. ಮೊದಲಿನ ಏಳು ಗೂಡಿಗೆ, ಆಮೇಲಿನ ಏಳು ಮೊಟ್ಟೆ-ಮರಿಗೆ. ಯುಗಾದಿಯ ಒತ್ತಿಗೇ ಲೆಕ್ಕ ಇಟ್ಟವರಿಗೆ ಇದು ಗೊತ್ತಿರಬೇಕಿತ್ತು.

ತೆಂಕಣಗಾಳಿ: ನಡುವೆ ನನ್ನದೊಂದು. ‘ತೆರೆ’ಯನ್ನು ಇನ್ನೊಂದು ತುದಿಯಿಂದ ಹಿಡಿದೆ.

ದಡದ ಮಣ್ಣಲಿ ಬಿಲವ ತೋಡುವ
ನಡತೆಯರಿಯದ ಚಿತ್ರಗಾರನು
ಬಿಡಿಸಿಕೊಟ್ಟನು ನಾಟಕಕ್ಕೊಂದೊಳ್ಳೆ ಹೊಸ ಪರದೆ
ಹಿಡಿದು ಕುಂಚವ ನೀಲಿ ಮೆತ್ತಿದ
ಬೆಡಗಿಗೆಲ್ಲರು ಶಿಳ್ಳೆ ಹೊಡೆದರು
ಕಡಲ ತೆರೆಯಲಿ ಗೂಡು ಕಟ್ಟಿತು ನೋಡು ಮಿಂಚುಳ್ಳಿ

ಕೆರೆದಂಡೆ: ಪರದೆ! ಇದು ನನಗೆ ಹೊಳೆದಿರಲಿಲ್ಲ.

ಮಾತ್ರೆಗಾರ: ಸರಿಯಾಗಿದೆ. ಗುಬ್ಬಚ್ಚಿಯವರೇ, ‘ಇಡಲಿಕೆ’ ವಿಷಯ ಇನ್ನೂ ಮುಗಿದಿಲ್ಲ.

ತೆಂಕಣಗಾಳಿ: ಇಂಗ್ಲೆಂಡಿನಲ್ಲಿ ಹಿಂದೆ ಒಂದು ನಂಬಿಕೆ ಇತ್ತು. ಸತ್ತ ಮಿಂಚುಳ್ಳಿಯನ್ನು ದಾರಕ್ಕೆ ಕಟ್ಟಿ ತೂಗುಹಾಕಿದರೆ ಅದರ ಎದೆ ಗಾಳಿ ಬೀಸಿ ಬರುವ ಕಡೆಗೆ ತಿರುಗುತ್ತದಂತೆ. 1646ರಲ್ಲಿ ಅಲ್ಲಿನ ವೈದ್ಯ ಥಾಮಸ್ ಬ್ರೌನ್ ಇದು ಸುಳ್ಳು ಎಂದು ಬರೆದ. ಒಂದೇ ಕೋಣೆಯಲ್ಲಿ ಎರಡು ಹಕ್ಕಿ ತೂಗುಹಾಕಿದರೆ ಎಷ್ಟೋ ಸಲ ಒಂದು ಆ ಕಡೆ, ಇನ್ನೊಂದು ಈ ಕಡೆ. ಯಾಕೋ ಈಗ ನೆನಪಾಯಿತು.

ಗುಬ್ಬಚ್ಚಿ: ನಾನು ಗಾಳಿಯ ಕಡೆಗೇ ಇದ್ದೇನೆ. ಅಂದಹಾಗೆ, ಮೇಲೆ ‘ತುಂಬಿಸಲಿಕ್ಕಾ’ ಅಂತ ಬರೆದವರು ಯಾರು?

ಮಾತ್ರೆಗಾರ: ಅದರಲ್ಲಿ ಒತ್ತು ಇದೆ. ನೋಡಿಕೊಳ್ಳಿ.